ಸಾಕ್ಷ್ಯದಿಂದ ತೀರ್ಪಿನವರೆಗೆ: ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಕುರಿತ ಒಂದು ಅಭ್ಯಾಸ ಪಾಠ

ತರಗತಿ: 9. ಅವಧಿ: 45 ನಿಮಿಷ. ವಿಧಾನ: ಕಥನ, ಪ್ರಶ್ನೋತ್ತರ, ಗುಂಪು ಚರ್ಚೆ.

ಉದ್ದೇಶಗಳು: ಸಾಕ್ಷ್ಯಕ್ಕೂ ಪೂರ್ವಗ್ರಹಕ್ಕೂ ಇರುವ ವ್ಯತ್ಯಾಸವನ್ನು ಗುರುತಿಸುವುದು, ಕರುಣೆ ಮತ್ತು ನೈತಿಕ ಧೈರ್ಯವನ್ನು ಪಾತ್ರಗಳ ನಡೆಯಿಂದ ವಿವರಿಸುವುದು.

ಪೀಠಿಕೆ: ಹಾರ್ಪರ್ ಲೀ ಅವರ ಈ ಕಾದಂಬರಿ 1960ರಲ್ಲಿ ಪ್ರಕಟವಾಗಿ, 1961ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆಯಿತು. ಕಥೆ ನಡೆಯುವುದು 1930ರ ದಶಕದಲ್ಲಿ, ಅಮೆರಿಕದ ಅಲಬಾಮಾ ರಾಜ್ಯದ ಮೇಕೊಂಬ್ ಎಂಬ ಕಲ್ಪಿತ ಊರಿನಲ್ಲಿ. ಟಾಮ್ ರಾಬಿನ್ಸನ್ ಎಂಬ ಕಪ್ಪು ಕೆಲಸಗಾರನ ಮೇಲೆ ಬಿಳಿಯ ಯುವತಿ ಮೇಯೆಲಾಳ ಮೇಲಿನ ದೌರ್ಜನ್ಯದ ಆರೋಪವಿದೆ. ಮಕ್ಕಳ ವಯಸ್ಸನ್ನು ಗಮನಿಸಿ ಅದನ್ನು ‘ಗಂಭೀರ ಹಲ್ಲೆ’ ಎಂದಷ್ಟೇ ಹೇಳಿದೆ.

ವಿಷಯ ಮಂಡನೆ: ನಾನು ವಿಜ್ಞಾನದ ವಿದ್ಯಾರ್ಥಿ. ಹಾಗಾಗಿ ತೀರ್ಪನ್ನು ಮೊದಲು ಹೇಳದೆ, ಕಪ್ಪುಹಲಗೆಯ ಮೇಲೆ ಮೂರು ಸಂಗತಿ ಬರೆದೆ. ಪೆಟ್ಟು ಬಿದ್ದದ್ದು ಮೇಯೆಲಾಳ ಮುಖದ ಬಲಭಾಗಕ್ಕೆ. ಟಾಮ್‌ನ ಎಡಗೈ ಬಾಲ್ಯದಲ್ಲೇ ಹತ್ತಿ ಬಿಡಿಸುವ ಯಂತ್ರಕ್ಕೆ ಸಿಕ್ಕಿ ನಿಷ್ಪ್ರಯೋಜಕವಾಗಿದೆ. ಅವಳ ತಂದೆ ಬಾಬ್ ಯೂವೆಲ್ ಎಡಗೈಯವನು. ಎದುರುಬದುರು ನಿಂತು ಕೈ ಆಡಿಸಿ ನೋಡಿದ ಮಕ್ಕಳು ಎರಡೇ ನಿಮಿಷದಲ್ಲಿ ತಂದೆಯ ಮೇಲೆ ಸಂಶಯಪಟ್ಟರು. ಆಮೇಲೆ ತೀರ್ಪು ಓದಿದೆ: ಟಾಮ್ ಅಪರಾಧಿ. ತರಗತಿ ಸುಮ್ಮನಾಯಿತು.

‘ಏಕೆ?’ ಎಂಬ ಪ್ರಶ್ನೆಯೇ ಪಾಠದ ತಿರುಳು. ಸಾಕ್ಷ್ಯ ಒಪ್ಪದಿದ್ದರೆ ಪ್ರಯೋಗಾಲಯದಲ್ಲಿ ಊಹೆಯನ್ನು ಕೈಬಿಡುತ್ತೇವೆ. ಇಲ್ಲಿ ಬಿಳಿಯರೇ ತುಂಬಿದ್ದ ಜ್ಯೂರಿ ಊಹೆಯನ್ನು ಉಳಿಸಿಕೊಂಡು ಸಾಕ್ಷ್ಯವನ್ನು ಕೈಬಿಟ್ಟಿತು. ಇದು ಬರೀ ಕಥೆಯಲ್ಲ ಎಂದು ತೋರಿಸಲು 1931ರ ಸ್ಕಾಟ್ಸ್‌ಬರೊ ಪ್ರಕರಣವನ್ನು ಹೇಳಿದೆ. ಅದೇ ಅಲಬಾಮಾದಲ್ಲಿ ಒಂಬತ್ತು ಕಪ್ಪು ಹುಡುಗರ ಮೇಲೆ ಸುಳ್ಳು ಆರೋಪ ಬಂದು, ಎಂಟು ಮಂದಿಗೆ ಮರಣದಂಡನೆ ವಿಧಿಸಲಾಗಿತ್ತು. ಆ ಶಿಕ್ಷೆ ಜಾರಿಯಾಗಲಿಲ್ಲ. ಆದರೆ ಅವರ ವರ್ಷಗಳು ಜೈಲಿನಲ್ಲಿ ಕಳೆದವು.

ಚರ್ಚೆ: ಧೈರ್ಯವಂತ ಯಾರು ಎಂದಾಗ ಎಲ್ಲರೂ ವಕೀಲ ಆಟಿಕಸ್ ಎಂದರು. ಸೋಲು ಖಚಿತವೆಂದು ತಿಳಿದೂ ಪೂರ್ಣ ಮನಸ್ಸಿನಿಂದ ವಾದಿಸಿದ್ದಕ್ಕೆ ಆ ಉತ್ತರ ಸರಿಯೇ. ಆದರೆ ಟಾಮ್‌ನ ಮಾತನ್ನೂ ಮುಂದಿಟ್ಟೆ. ಮೇಯೆಲಾಳನ್ನು ಕಂಡು ಕನಿಕರವಾಯಿತು, ಅದಕ್ಕೇ ಕೂಲಿಯಿಲ್ಲದೆ ಕೆಲಸ ಮಾಡಿಕೊಟ್ಟೆ ಎಂದು ಅವನು ಕಟಕಟೆಯಲ್ಲಿ ಹೇಳುತ್ತಾನೆ. ಕಪ್ಪು ಮನುಷ್ಯ ಬಿಳಿಯಳ ಬಗ್ಗೆ ಕನಿಕರಪಡುವುದೇ ಆ ಊರಿಗೆ ಸಹಿಸಲಾಗದ ಮಾತು. ಒಬ್ಬ ಹುಡುಗಿ ಕೇಳಿದಳು: “ಹಾಗಾದ್ರೆ ಒಳ್ಳೇತನ ತೋರಿಸೋಕೂ ಅನುಮತಿ ಬೇಕಾ, ಮಿಸ್?” ಆ ಪ್ರಶ್ನೆಯನ್ನು ಉತ್ತರಿಸದೆ ಗುಂಪುಗಳಿಗೆ ಕೊಟ್ಟೆ.

ಮೌಲ್ಯಮಾಪನ: ಕಥೆಯನ್ನು ಹೇಳುವವಳು ಆಟಿಕಸ್‌ನ ಮಗಳು ಸ್ಕೌಟ್, ಟಾಮ್‌ನ ಮನೆಯ ಒಳಗು ನಮಗೆ ಹೆಚ್ಚು ಕಾಣುವುದಿಲ್ಲ. ಆದ್ದರಿಂದ ಮನೆಗೆಲಸ ಹೀಗಿತ್ತು: ತೀರ್ಪಿನ ದಿನ ಸಂಜೆ ಟಾಮ್‌ನ ಹೆಂಡತಿ ಹೆಲೆನ್ ಮಕ್ಕಳಿಗೆ ಏನು ಹೇಳಿರಬಹುದು? ಹತ್ತು ವಾಕ್ಯ ಬರೆಯಿರಿ.

ಈ ಪಾಠ ಮಾಡುವ ಸಹಪಾಠಿಗಳಿಗೆ ಒಂದು ಸೂಚನೆ: ತೀರ್ಪನ್ನು ಕೊನೆಯವರೆಗೂ ಹೇಳಬೇಡಿ. ನ್ಯಾಯ ಯಾವುದೆಂದು ಮಕ್ಕಳು ತಾವೇ ಕಂಡುಕೊಂಡ ಮೇಲೆ ಮಾತ್ರ ಅನ್ಯಾಯ ಅವರಿಗೆ ತಾಗುತ್ತದೆ.