ಗೊರಕೆಯವನ ತಲೆದಿಂಬು

ಗೊರಕೆಯನ್ನು ಗಾಢನಿದ್ರೆಯ ಲಕ್ಷಣವೆಂದು ನಮ್ಮಲ್ಲಿ ಬಹುಕಾಲದಿಂದ ಬಗೆದು ಬಂದಿದ್ದಾರೆ. ಮನೆಯ ಯಜಮಾನನು ರಾತ್ರಿಯ ಊಟ ಮುಗಿಸಿ ನಡುಮನೆಯಲ್ಲಿ ಒರಗಿ, ಕೇರಿಗೆಲ್ಲ ಕೇಳುವಂತೆ ಸದ್ದುಮಾಡುತ್ತ ಉಸಿರಾಡುತ್ತಿದ್ದರೆ, ‘ಪಾಪ, ದಣಿದಿದ್ದಾರೆ, ಒಳ್ಳೆಯ ನಿದ್ದೆ ಹತ್ತಿದೆ’ ಎಂದು ಮನೆಯವರು ದೀಪವಾರಿಸಿ ಹೋಗುತ್ತಾರೆ. ಮಕ್ಕಳಾದರೆ ಕುಂಭಕರ್ಣನ ಹೆಸರು ಹೇಳಿ ನಗುತ್ತಾರೆ. ನನಗೆ ವಯಸ್ಸು ಐವತ್ತನ್ನು ಮೀರಿದ ಮೇಲೆ ಈ ತೊಡಕು ಬಂದೊದಗಿ, ದಿಂಬಿನಿಂದ ಮೊದಲುಗೊಂಡು ಯಂತ್ರದವರೆಗೆ ಹಲವು ಸಾಧನಗಳನ್ನು ಬಳಸಿ ನೋಡುವ ಪ್ರಸಂಗವುಂಟಾದುದರಿಂದ, ಅವುಗಳಲ್ಲಿ ಯಾವುದು ಯಾರಿಗೆ ಹಿತ, ಯಾವುದು ವ್ಯರ್ಥ ಎಂಬುದನ್ನು ಇದೇ ಕಷ್ಟದಲ್ಲಿರುವವರಿಗೆ ತಿಳಿಸಬೇಕೆಂದು ಈ ಬರೆಹಕ್ಕೆ ತೊಡಗಿದ್ದೇನೆ.

ನಿದ್ರೆ ಹತ್ತಿದೊಡನೆ ಗಂಟಲಿನ ಸ್ನಾಯುಗಳು ಸಡಿಲಗೊಳ್ಳುತ್ತವೆ. ಅಂಗಾತ ಮಲಗಿದವನಲ್ಲಿ ನಾಲಗೆಯ ಬುಡವು ತನ್ನ ಭಾರದಿಂದಲೇ ಹಿಂದಕ್ಕೆ ಜಾರಿ ಶ್ವಾಸಮಾರ್ಗವನ್ನು ಕಿರಿದುಮಾಡುತ್ತದೆ. ಆ ಇಕ್ಕಟ್ಟಿನಲ್ಲಿ ನುಗ್ಗುವ ಗಾಳಿಗೆ ಮೃದು ಅಂಗುಳವೂ ಕಿರುನಾಲಗೆಯೂ ಕಂಪಿಸಿದಾಗ ಹುಟ್ಟುವ ಸದ್ದೇ ಗೊರಕೆ. ಮಾರ್ಗವು ಮುಚ್ಚಿಹೋಗಿ ಉಸಿರು 10 ಸೆಕೆಂಡು ಅಥವಾ ಅದಕ್ಕೂ ಹೆಚ್ಚು ಕಾಲ ನಿಂತರೆ ಅದು ಅಪ್ನಿಯ. ಆಗ ರಕ್ತದಲ್ಲಿ ಆಮ್ಲಜನಕವಿಳಿದು, ಮೆದುಳು ಕ್ಷಣಮಾತ್ರ ಎಚ್ಚೆತ್ತು, ಮಲಗಿದವನು ಏದುಸಿರಿನೊಡನೆ ಮತ್ತೆ ಉಸಿರೆಳೆದುಕೊಳ್ಳುತ್ತಾನೆ. ಬೆಳಗಾದರೆ ಅವನಿಗೆ ಇದಾವುದರ ನೆನಪೂ ಇರುವುದಿಲ್ಲ. ಒಣಗಿದ ಬಾಯಿ, ತಲೆಭಾರ, ಹಗಲಿನ ತೂಕಡಿಕೆ, ಇಷ್ಟೇ ಅವನ ಅರಿವಿಗೆ ಬರುವ ಚಿಹ್ನೆಗಳು. ಆದುದರಿಂದ ಈ ವ್ಯಾಧಿಗೆ ಪ್ರಥಮ ಸಾಕ್ಷಿ ಪಕ್ಕದಲ್ಲಿ ಮಲಗುವವರು. ‘ಇವರ ಸದ್ದಿಗೆ ನಾನು ಹೆದರುವುದಿಲ್ಲ, ಸದ್ದು ನಿಂತಾಗ ಹೆದರುತ್ತೇನೆ’ ಎಂದು ನನ್ನ ಹೆಂಡತಿ ವೈದ್ಯರೆದುರಿಗೆ ಆಡಿದ ಒಂದು ಮಾತೂ, ಮೊಬೈಲಿನಲ್ಲಿ ಅವಳು ಹಿಡಿದಿಟ್ಟಿದ್ದ ಧ್ವನಿಮುದ್ರಣವೂ, ನಾನು ವಿವರಿಸಿದ ಎಲ್ಲಕ್ಕಿಂತ ಅವರಿಗೆ ಹೆಚ್ಚು ಉಪಯುಕ್ತವಾದುವು.

ಇನ್ನು ದಿಂಬಿನ ವಿಷಯ. ತಲೆಯನ್ನು ಎತ್ತರದಲ್ಲಿಟ್ಟರೆ ಉಸಿರು ಸರಾಗವಾಗುವುದೆಂದು ಎರಡು ದಿಂಬುಗಳನ್ನು ಒಂದರ ಮೇಲೊಂದಿಡುವ ಅಭ್ಯಾಸ ಮನೆಮನೆಯಲ್ಲಿಯೂ ಉಂಟು. ಹಾಗೆ ಮಾಡಿದಾಗ ತಲೆ ಮಾತ್ರ ಮೇಲೆದ್ದು, ಗದ್ದವು ಎದೆಗೆ ಬಾಗಿ, ತೋಟಕ್ಕೆ ನೀರು ಹಾಯಿಸುವ ರಬ್ಬರ್ ಕೊಳವೆ ನಡುವೆ ಮಡಿಚಿಕೊಂಡಂತೆ ಗಂಟಲು ಇನ್ನಷ್ಟು ಇಕ್ಕಟ್ಟಾಗುತ್ತದೆ. ಎತ್ತರ ಬೇಕಾದವರು ಸೊಂಟದಿಂದ ಮೇಲಿನ ಭಾಗವನ್ನೆಲ್ಲ ಒಂದೇ ಇಳಿಜಾರಿನಲ್ಲಿ ಏರಿಸತಕ್ಕದ್ದು. ಅದಕ್ಕಾಗಿಯೇ ಫೋಮಿನ ಇಳಿಜಾರು ದಿಂಬುಗಳು ದೊರೆಯುತ್ತವೆ. ಮಂಚದ ತಲೆಯ ಕಡೆಯ ಕಾಲುಗಳಿಗೆ ಗಟ್ಟಿಯಾದ ಮರದ ತುಂಡುಗಳನ್ನು ಕೊಟ್ಟರೂ ಅದೇ ಫಲ ಬರುತ್ತದೆ, ಖರ್ಚೂ ಇಲ್ಲ. ರಾತ್ರಿ ಹುಳಿತೇಗಿನಿಂದ ಬಳಲುವವರಿಗೆ ಈ ಕ್ರಮದಿಂದ ಇಮ್ಮಡಿ ಲಾಭ.

ಮಗ್ಗುಲಾಗಿ ಮಲಗುವವರಿಗೆ ಬೇಕಾದ ದಿಂಬು ಬೇರೆ. ಕಿವಿಯಿಂದ ಭುಜದ ಅಂಚಿನವರೆಗೆ ಎಷ್ಟು ಅಂತರವಿದೆಯೋ, ತಲೆಯ ಭಾರ ಬಿದ್ದ ಮೇಲೆ ದಿಂಬು ಅಷ್ಟೇ ದಪ್ಪ ಉಳಿದು, ಕೊರಳು ಬೆನ್ನೆಲುಬಿನ ನೇರದಲ್ಲಿಯೇ ಇರಬೇಕು. ನಮ್ಮ ಹಿರಿಯರ ಕಾಲದ ಬೂರುಗದ ಹತ್ತಿಯ ದಿಂಬು ತಂಪಾದುದು, ಸುಖಕರವಾದುದು, ನನಗೆ ಇಂದಿಗೂ ಪ್ರಿಯವಾದುದು. ಆದರೆ ಅದು ಕೆಲವು ತಿಂಗಳಲ್ಲಿ ನಡುವೆ ತಗ್ಗಿ, ಬಿಸಿಲಿಗೆ ಹಾಕಿ ಕೊಡವಿ ತುಂಬಿದ ಹೊರತು ಎತ್ತರವನ್ನು ಕಾಯ್ದುಕೊಳ್ಳುವುದಿಲ್ಲ. ಮೆಮೊರಿ ಫೋಮ್ ಎಂಬುದು ಆಕಾರವನ್ನು ಬಹುಕಾಲ ಉಳಿಸಿಕೊಳ್ಳುತ್ತದೆಯಾದರೂ ಮೈಯ ಬಿಸಿಯನ್ನು ಹಿಡಿದಿಡುವ ದೋಷವುಳ್ಳದ್ದು. ಮಂಗಳೂರು, ರಾಯಚೂರುಗಳ ಬೇಸಗೆಯಲ್ಲಿ ಅದರ ಮೇಲೆ ಮಲಗುವುದು ಸುಲಭವಲ್ಲ. ಆದರೆ ಮಗ್ಗುಲಿಗೆ ಮಲಗಿದವನು ನಿದ್ದೆಯಲ್ಲಿ ಮತ್ತೆ ಅಂಗಾತವಾಗದಂತೆ ತಡೆಯುವುದೇ ನಿಜವಾದ ಕಾರ್ಯ. ಬೆನ್ನಿನ ಹಿಂದೆ ಉದ್ದನೆಯ ದುಂಡುದಿಂಬನ್ನು ಒತ್ತಾಗಿ ಇಟ್ಟುಕೊಳ್ಳುವುದು ನನಗೆ ಒಗ್ಗಿತು. ಬನಿಯನ್ನಿನ ಬೆನ್ನಿಗೆ ಜೇಬೊಂದನ್ನು ಹೊಲಿದು ಅದರಲ್ಲಿ ಟೆನಿಸ್ ಚೆಂಡನ್ನಿಡುವ ಹಳೆಯ ಉಪಾಯವೂ ಕೆಲಸಮಾಡುವುದುಂಟು, ಆದರೆ ಅದರ ಕಿರಿಕಿರಿಯನ್ನು ದೀರ್ಘಕಾಲ ಸಹಿಸುವವರು ವಿರಳ.

ಯಾವ ದಿಂಬನ್ನಾದರೂ ಕೊಳ್ಳುವ ಮುನ್ನ ನಿದ್ರಾಪರೀಕ್ಷೆ ಮಾಡಿಸಿಕೊಳ್ಳಬೇಕೆಂಬುದು ನಾನು ಕಲಿತುದರಲ್ಲೆಲ್ಲ ಮುಖ್ಯವಾದುದು. ಒಂದು ಗಂಟೆಯ ನಿದ್ರೆಯಲ್ಲಿ ಉಸಿರು ಎಷ್ಟು ಸಲ ನಿಂತಿತು ಅಥವಾ ಕುಗ್ಗಿತು ಎಂಬ ಸಂಖ್ಯೆಯನ್ನು ಆ ಪರೀಕ್ಷೆ ಕೊಡುತ್ತದೆ. ವಯಸ್ಕರಲ್ಲಿ ಅದು 5ಕ್ಕಿಂತ ಕಡಮೆಯಾದರೆ ಸಾಮಾನ್ಯ, 15ರೊಳಗೆ ಸೌಮ್ಯ, 30ರೊಳಗೆ ಮಧ್ಯಮ, ಅದಕ್ಕೂ ಮೇಲಾದರೆ ತೀವ್ರ. ಎಷ್ಟೋ ಜನ ಈ ಒಂದು ಅಂಕಿಯನ್ನು ನೋಡಿ ವರದಿಯನ್ನು ಮಡಿಸಿಡುತ್ತಾರೆ. ಅಂಗಾತ ಮಲಗಿದಾಗಿನ ಸಂಖ್ಯೆ ಎಷ್ಟು, ಮಗ್ಗುಲಾಗಿದ್ದಾಗಿನ ಸಂಖ್ಯೆ ಎಷ್ಟು ಎಂದು ವೈದ್ಯರನ್ನು ಕೇಳಿ ತಿಳಿದುಕೊಳ್ಳಬೇಕು. ಮೊದಲನೆಯದು ಎರಡನೆಯದರ ಇಮ್ಮಡಿಯೋ ಅದಕ್ಕೂ ಮೇಲೆಯೋ ಇದ್ದು, ಮಗ್ಗುಲಿನ ಸಂಖ್ಯೆ ಸಣ್ಣದಾಗಿದ್ದರೆ, ಅಂಥವರಿಗೆ ದಿಂಬು ಔಷಧಕ್ಕೆ ಸಮಾನ. ಎರಡು ಭಂಗಿಗಳಲ್ಲಿಯೂ ಉಸಿರು ಒಂದೇ ಪ್ರಕಾರ ನಿಲ್ಲುತ್ತಿದ್ದರೆ ಎಷ್ಟು ಬೆಲೆಯ ದಿಂಬೂ ಅವರನ್ನು ಕಾಯದು. ಸದ್ದು ಸ್ವಲ್ಪ ತಗ್ಗಿದಂತೆ ತೋರಿ, ರೋಗವು ಮರೆಯಲ್ಲಿ ಬೆಳೆಯುವ ಅಪಾಯವೇ ಹೆಚ್ಚು. ಗೊರಕೆಯನ್ನು ‘ನಿಲ್ಲಿಸುವ’ ದಿಂಬೆಂದು ಪೆಟ್ಟಿಗೆಯ ಮೇಲೆ ಅಚ್ಚುಹಾಕಿಸುವ ವ್ಯಾಪಾರಿಗಳಲ್ಲಿ ನನಗೆ ವಿಶ್ವಾಸವಿಲ್ಲ.

ಮೂಗಿನ ಮೇಲೆ ಅಂಟಿಸುವ ಪಟ್ಟಿಗಳು ಮೂಗೇ ಕಟ್ಟಿದವರಿಗೆ ಹಿತ, ಅಪ್ನಿಯಕ್ಕೆ ಚಿಕಿತ್ಸೆಯಲ್ಲ. ಬಾಯಿಯನ್ನು ಟೇಪಿನಿಂದ ಮುಚ್ಚುವ ಪದ್ಧತಿಯನ್ನು ಯಾರೂ ತಾವಾಗಿ ಕೈಗೊಳ್ಳಬಾರದು. ಕೆಳದವಡೆಯನ್ನು ಸ್ವಲ್ಪ ಮುಂದಕ್ಕೆ ಹಿಡಿದಿಡುವ ಸಾಧನವನ್ನು ದಂತವೈದ್ಯರು ಅಳತೆ ತೆಗೆದು ಮಾಡಿಕೊಡುತ್ತಾರೆ. ಸೌಮ್ಯ ಮತ್ತು ಮಧ್ಯಮ ತರದ ವ್ಯಾಧಿಗೆ ಅದು ಗುಣಕಾರಿ, ಆದರೆ ಹಲ್ಲುಗಳು ಗಟ್ಟಿಯಾಗಿರಬೇಕು.

ತೀವ್ರತರದ ರೋಗಕ್ಕೆ ಸಿಪ್ಯಾಪ್ ಯಂತ್ರಕ್ಕೆ ಸಮನಾದುದಿಲ್ಲ. ಆಸ್ಟ್ರೇಲಿಯದ ಸಿಡ್ನಿಯಲ್ಲಿ ಕಾಲಿನ್ ಸಲ್ಲಿವನ್ ಎಂಬ ವೈದ್ಯರು 1981ರಲ್ಲಿ ಸಂಗಡಿಗರೊಡನೆ ಪ್ರಕಟಿಸಿದ ಈ ವಿಧಾನದಲ್ಲಿ, ಮುಖವಾಡದ ಮೂಲಕ ಹರಿಯುವ ಮಂದವಾದ ವಾಯುವಿನ ಒತ್ತಡವೇ ಗಂಟಲನ್ನು ರಾತ್ರಿಯೆಲ್ಲ ತೆರೆದಿಡುತ್ತದೆ. ಯಂತ್ರಕ್ಕಿಂತ ಮಾಸ್ಕಿನ ಆಯ್ಕೆಯೇ ಕಠಿನ. ಮೂಗಿನಿಂದ ಸರಾಗವಾಗಿ ಉಸಿರಾಡುವವರಿಗೆ ಚಿಕ್ಕ ಮಾಸ್ಕು ಸಾಕು. ಬಾಯಿ ತೆರೆದು ಮಲಗುವವರಿಗೆ ಮೂಗುಬಾಯಿಗಳೆರಡನ್ನೂ ಮುಚ್ಚುವಂಥದು ಬೇಕಾಗಬಹುದು. ಮೀಸೆಯುಳ್ಳವರು ಗಾಳಿ ಸೋರುವುದೇ ಎಂದು ಅಂಗಡಿಯಲ್ಲಿಯೇ ಮಲಗಿ ಪರೀಕ್ಷಿಸಿಕೊಳ್ಳಬೇಕು. ಇಲ್ಲಿ ದಿಂಬು ಮತ್ತೆ ಮುಖ್ಯವಾಗುತ್ತದೆ: ಮಗ್ಗುಲಾದಾಗ ಮಾಸ್ಕನ್ನು ಒತ್ತದಂತೆ ಎರಡು ಪಕ್ಕಗಳಲ್ಲಿ ಕತ್ತರಿಸಿದ ದಿಂಬಿನಿಂದ ನನಗೆ ದೊರೆತ ನೆಮ್ಮದಿ ಅಲ್ಪವಲ್ಲ. ಗಾಳಿಗೆ ತೇವ ಕೊಡಲು ಯಂತ್ರದಲ್ಲಿರುವ ತೊಟ್ಟಿಗೆ ಬಟ್ಟಿ ಇಳಿಸಿದ ನೀರನ್ನೇ ಹಾಕುವುದು, ಮಾಸ್ಕನ್ನು ನಿತ್ಯವೂ ತೊಳೆಯುವುದು, ಕರೆಂಟು ಹೋಗುವ ಊರಿನಲ್ಲಿ ಇನ್ವರ್ಟರ್ ಇಟ್ಟುಕೊಳ್ಳುವುದು, ಇವೆಲ್ಲ ಅವಶ್ಯವಾದ ಕ್ರಮಗಳು. ತೂಕವನ್ನು ಇಳಿಸುವುದೂ, ಮದ್ಯವನ್ನು ವರ್ಜಿಸುವುದೂ, ನಿದ್ದೆಮಾತ್ರೆಗಳನ್ನು ವೈದ್ಯರ ಸಲಹೆಯಿಲ್ಲದೆ ನುಂಗದಿರುವುದೂ ಯಾವ ಸಾಧನವನ್ನು ಬಳಸುವವರಿಗೂ ಸಮಾನವಾದ ಪಥ್ಯ.

ರಾತ್ರಿಯೆಲ್ಲ ಬಸ್ಸು, ಲಾರಿಗಳನ್ನು ನಡೆಸುವ ಚಾಲಕರೂ, ಏರಿದ ರಕ್ತದೊತ್ತಡವು ಔಷಧಕ್ಕೆ ಬಗ್ಗದೆ ಇರುವವರೂ ಗೊರಕೆಯನ್ನು ಉಪೇಕ್ಷಿಸದೆ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ನನ್ನ ವಿನಂತಿ. ಅವರ ಪಕ್ಕದಲ್ಲಿ ಮಲಗುವವರೂ ಸಂಕೋಚಪಡದೆ ವೈದ್ಯರ ಬಳಿಗೆ ಜೊತೆಯಲ್ಲಿಯೇ ಹೋಗಿ, ತಾವು ಕೇಳಿದುದನ್ನು ಹೇಳಲಿ.