ಹಳೆ ಮನೆಗೆ ಹೊಸ ವೈರಿಂಗ್: ನಿಮ್ಮ ಕೆಲಸ ಯಾವುದು, ಎಲೆಕ್ಟ್ರೀಷಿಯನ್ ಕೆಲಸ ಯಾವುದು?

ಮನೆ ರಿಪೇರಿ ಎಂದ ಕೂಡಲೇ ನಮಗೆ ನೆನಪಾಗುವುದು ಬಣ್ಣ, ಆಮೇಲೆ ಟೈಲ್ಸ್, ಆಮೇಲೆ ಅಡುಗೆಮನೆಯ ಕಬೋರ್ಡು. ವೈರಿಂಗ್ ಸರದಿ ಬರುವ ಹೊತ್ತಿಗೆ ಕೈಯಲ್ಲಿದ್ದ ದುಡ್ಡು ಮುಗಿಯುತ್ತ ಬಂದಿರುತ್ತದೆ. ಮೂವತ್ತು ನಲವತ್ತು ವರ್ಷದ ಹಿಂದೆ ಕಟ್ಟಿದ ಮನೆಯಲ್ಲಿ ಆಗ ಇದ್ದದ್ದು ನಾಲ್ಕು ಬಲ್ಬು, ಎರಡು ಫ್ಯಾನು, ಒಂದು ರೇಡಿಯೋ, ಹೆಚ್ಚೆಂದರೆ ಒಂದು ಮಿಕ್ಸಿ. ಈಗ ಅದೇ ತಂತಿಯ ಮೇಲೆ ಗೀಸರ್, ಇಂಡಕ್ಷನ್ ಒಲೆ, ವಾಷಿಂಗ್ ಮಷಿನ್ ಎಲ್ಲವನ್ನೂ ಹೇರಿದ್ದೇವೆ. ಫ್ಯೂಸ್ ಪದೇ ಪದೇ ಹಾರುತ್ತಿದ್ದರೆ, ಪ್ಲಗ್ ಕಿತ್ತಾಗ ಪಿನ್ ಬಿಸಿಯಿದ್ದರೆ, ಫ್ರಿಜ್ ಮುಟ್ಟಿದಾಗ ಕೈ ಜುಮ್ಮೆಂದರೆ, ಬಣ್ಣದವರನ್ನು ಕರೆಯುವ ಮೊದಲು ಈ ಕೆಲಸ ಮುಗಿಸಿ.

ಮೊದಲು ಗೆರೆ ಎಳೆದುಕೊಳ್ಳಿ

ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳ ಪ್ರಕಾರ ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚಿನಂಥವನ್ನು ಇದ್ದ ಜಾಗದಲ್ಲೇ, ಇದ್ದ ಸಾಮರ್ಥ್ಯದಲ್ಲೇ ಬದಲಿಸುವುದಕ್ಕೆ ಲೈಸೆನ್ಸ್ ಬೇಕಿಲ್ಲ. ಹೊಸ ಲೈನ್ ಎಳೆಯುವುದು, ಲೋಡ್ ಹೆಚ್ಚಿಸುವುದು, ಡಿಬಿ (ಡಿಸ್ಟ್ರಿಬ್ಯೂಷನ್ ಬೋರ್ಡ್) ಬದಲಿಸುವುದು, ಅರ್ಥಿಂಗ್ ಮಾಡುವುದು ಲೈಸೆನ್ಸ್ ಇರುವ ಗುತ್ತಿಗೆದಾರರ ಕೆಲಸ. ಕರ್ನಾಟಕದಲ್ಲಿ ಆ ಲೈಸೆನ್ಸ್ ಕೊಡುವುದು ವಿದ್ಯುತ್ ಪರಿವೀಕ್ಷಣಾಲಯ. ಮೀಟರು ಮತ್ತು ಅದರ ಸೀಲು ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂನಂಥ ಕಂಪನಿಗಳಿಗೆ ಸೇರಿದ್ದು. ಅದಕ್ಕೆ ಯಾರೂ ಕೈ ಹಾಕುವಂತಿಲ್ಲ.

ಹಾಗಾದರೆ ಮನೆಯವರಿಗೆ ಉಳಿದದ್ದೇನು? ಯೋಜನೆ, ಲೆಕ್ಕ, ಸಾಮಾನಿನ ಆಯ್ಕೆ, ಚಿಕ್ಕಪುಟ್ಟ ಬದಲಾವಣೆ ಮತ್ತು ಕೊನೆಯ ತಪಾಸಣೆ. ವೈರಿಂಗ್ ಚೆನ್ನಾಗಿ ಬರುವುದೂ ಕೆಡುವುದೂ ಬಹುಪಾಲು ಇಲ್ಲೇ.

ಬೇಕಾದ ಸಾಮಾನು

ನಿಯಾನ್ ಟೆಸ್ಟರ್, ಸಾಧಾರಣ ಡಿಜಿಟಲ್ ಮಲ್ಟಿಮೀಟರ್, ಇನ್ಸುಲೇಷನ್ ಹಿಡಿಯ ಸ್ಕ್ರೂಡ್ರೈವರ್ ಮತ್ತು ಕಟಿಂಗ್ ಪ್ಲೈಯರ್, ವೈರ್ ಸ್ಟ್ರಿಪ್ಪರ್, ಟಾರ್ಚ್, ಇನ್ಸುಲೇಷನ್ ಟೇಪ್, ಸೀಮೆಸುಣ್ಣ. ಏಣಿ ಮರದ್ದೋ ಫೈಬರಿನದೋ ಇರಲಿ, ಅಲ್ಯೂಮಿನಿಯಂ ಬೇಡ. ಕಾಲಿಗೆ ಒಣಗಿದ ರಬ್ಬರ್ ಚಪ್ಪಲಿ ಇರಲಿ, ಬೆರಳಲ್ಲಿ ಉಂಗುರ ಬೇಡ.

ಹಂತ 1: ಇರುವುದನ್ನು ನೋಡಿ, ಬರೆಯಿರಿ

ಒಂದು ನೋಟ್‌ಬುಕ್ ಹಿಡಿದು ಕೋಣೆ ಕೋಣೆಗೂ ಹೋಗಿ. ಎಷ್ಟು ಪಾಯಿಂಟ್, ಯಾವ ಸಾಕೆಟ್ ಎರಡು ಪಿನ್ನಿನದು, ಎಲ್ಲಿ ಸ್ವಿಚ್ ಸುತ್ತ ಕಂದು ಕಲೆ ಬಿದ್ದಿದೆ, ಎಲ್ಲಿ ಸುಟ್ಟ ಪ್ಲಾಸ್ಟಿಕ್ ವಾಸನೆ ಬರುತ್ತದೆ, ಎಲ್ಲವನ್ನೂ ಗುರುತು ಹಾಕಿಕೊಳ್ಳಿ. ಕಲೆ ಮತ್ತು ವಾಸನೆ ಎರಡೂ ಸಡಿಲ ಕನೆಕ್ಷನ್ನಿನ ಲಕ್ಷಣ. ಸ್ಕ್ರೂ ಸಡಿಲವಾದ ಕಡೆ ತಂತಿ ಕಾಯುತ್ತದೆ, ಕಾದಷ್ಟೂ ಸಡಿಲವಾಗುತ್ತದೆ.

ಹೆಂಚಿನ ಮನೆಯಾದರೆ ಅಟ್ಟ ಹತ್ತಿ ನೋಡಿ. ಮರದ ಪಟ್ಟಿಯ ಮೇಲೆ ಕ್ಲಿಪ್ ಹೊಡೆದು ಎಳೆದ ಹಳೆಯ ಬ್ಯಾಟನ್ ವೈರಿಂಗ್ ಇದ್ದರೆ, ಇಲಿ ಕಡಿದ ತಂತಿ ಸಿಗುವುದು ಸಾಮಾನ್ಯ. ತುದಿ ಕತ್ತರಿಸಿದಾಗ ಬೆಳ್ಳಗೆ ಕಂಡರೆ ಅದು ಅಲ್ಯೂಮಿನಿಯಂ ಆಗಿರಬಹುದು, ಎಲೆಕ್ಟ್ರೀಷಿಯನ್ನಿಗೆ ತೋರಿಸಿ. ಅಲ್ಯೂಮಿನಿಯಂ ಹೌದಾದರೆ ಅದಕ್ಕೆ ತಾಮ್ರ ಜೋಡಿಸಿ ಮುಂದುವರಿಸುವುದು ಬೇಡ. ಆ ಜಾಯಿಂಟ್ ಕಿಲುಬು ಹಿಡಿದು ಕಾಯುತ್ತದೆ. ಪೂರ್ತಿ ಬದಲಿಸುವುದೇ ಸರಿ.

ಹಂತ 2: ಲೋಡ್ ಲೆಕ್ಕ ಹಾಕಿ

ನಮ್ಮ ಮನೆಗೆ ಬರುವುದು 230 ವೋಲ್ಟ್. ಉಪಕರಣದ ವ್ಯಾಟ್ ಅನ್ನು 230ರಿಂದ ಭಾಗಿಸಿದರೆ ಅದು ಎಷ್ಟು ಆಂಪಿಯರ್ ಎಳೆಯುತ್ತದೆಂದು ಅಂದಾಜು ಸಿಗುತ್ತದೆ. 2000 ವ್ಯಾಟ್ ಗೀಸರ್ ಸುಮಾರು 8.7 ಆಂಪಿಯರ್, 3000 ವ್ಯಾಟಿನದು 13 ಆಂಪಿಯರ್. 6 ಆಂಪಿಯರ್ ಚಿಕ್ಕ ಸಾಕೆಟ್ ತಡೆಯುವುದು 1380 ವ್ಯಾಟ್ ಮಾತ್ರ. 16 ಆಂಪಿಯರ್ ದೊಡ್ಡ ಸಾಕೆಟ್ 3680 ವ್ಯಾಟ್. 2000 ವ್ಯಾಟಿನ ಇಂಡಕ್ಷನ್ ಒಲೆಯನ್ನು ಕನ್ವರ್ಟರ್ ಪ್ಲಗ್ ಹಾಕಿ ಚಿಕ್ಕ ಸಾಕೆಟ್ಟಿಗೆ ಸಿಕ್ಕಿಸುವುದು ಏಕೆ ತಪ್ಪೆಂದು ಈ ಲೆಕ್ಕವೇ ಹೇಳುತ್ತದೆ.

ಒಟ್ಟಿಗೆ ಓಡುವ ಉಪಕರಣಗಳ ವ್ಯಾಟ್ ಕೂಡಿಸಿ, ಕರೆಂಟ್ ಬಿಲ್ಲಿನಲ್ಲಿರುವ ಮಂಜೂರಾದ ಲೋಡ್ ಜತೆ ಹೋಲಿಸಿ ನೋಡಿ. ಹೆಚ್ಚಿದ್ದರೆ ಬಿಲ್ಲಿನ ಆರ್.ಆರ್. ನಂಬರ್ ಕೊಟ್ಟು ಹೆಚ್ಚುವರಿ ಲೋಡಿಗೆ ಅರ್ಜಿ ಹಾಕಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ಇಲ್ಲಿ ಅಕ್ಷರಶಃ ನಿಜ.

ಹಂತ 3: ಗೋಡೆಯ ಮೇಲೇ ನಕ್ಷೆ ಬರೆಯಿರಿ

ಮಂಚ, ಟಿವಿ, ಫ್ರಿಜ್, ಮಿಕ್ಸಿ ಎಲ್ಲಿ ಬರುತ್ತವೆಂದು ಮೊದಲು ತೀರ್ಮಾನವಾಗಲಿ. ಆಮೇಲೆ ಸೀಮೆಸುಣ್ಣದಲ್ಲಿ ಬೋರ್ಡಿನ ಜಾಗ ಗುರುತಿಸಿ, ಫೋಟೊ ತೆಗೆದಿಡಿ. ಸ್ವಿಚ್ ಬೋರ್ಡು ನೆಲದಿಂದ ನಾಲ್ಕು, ನಾಲ್ಕೂವರೆ ಅಡಿ ಎತ್ತರದಲ್ಲಿರಲಿ. ಅಡುಗೆಮನೆಯಲ್ಲಿ ಕಟ್ಟೆಯಿಂದ ಒಂದಡಿ ಮೇಲೆ ಸಾಕು, ಆದರೆ ಸಿಂಕಿನ ಪಕ್ಕದಲ್ಲೂ ಒಲೆಯ ಮೇಲೂ ಬೇಡ. ಗೀಸರ್ ಸ್ವಿಚ್ ಬಚ್ಚಲಿನ ಹೊರಗಿರಲಿ. ಬಾಗಿಲ ಹಿಂದೆ ಸ್ವಿಚ್ ಸಿಕ್ಕಿಕೊಳ್ಳದಂತೆ ಕದ ಯಾವ ಕಡೆ ತೆರೆಯುತ್ತದೆಂದು ನೋಡಿಕೊಳ್ಳಿ. ಎಕ್ಸ್‌ಟೆನ್ಷನ್ ಬಾಕ್ಸ್ ಕಾಯಂ ಆಗಿ ಬಿದ್ದಿರುವ ಜಾಗವೆಲ್ಲ ಒಂದು ಹೊಸ ಪಾಯಿಂಟ್ ಬೇಕಾದ ಜಾಗ.

ಹಂತ 4: ತಂತಿ ಮತ್ತು ಎಂಸಿಬಿ

ಐಎಸ್‌ಐ ಗುರುತಿನ ತಾಮ್ರದ ತಂತಿಯನ್ನೇ ಕೊಳ್ಳಿ. ಪಿವಿಸಿ ತಂತಿಯ ಮೇಲೆ ಐಎಸ್ 694 ಎಂದು ಅಚ್ಚಾಗಿರುತ್ತದೆ. ಸಾಮಾನ್ಯ ಮನೆಗೆ ರೂಢಿಯಲ್ಲಿರುವ ಲೆಕ್ಕ ಇದು (ಎಂಸಿಬಿ ಎಂದರೆ ಹೆಚ್ಚು ಕರೆಂಟ್ ಹರಿದರೆ ತಾನಾಗಿ ಆಫ್ ಆಗುವ ಸ್ವಿಚ್):

- ಲೈಟು, ಫ್ಯಾನು, 6 ಆಂಪಿಯರ್ ಸಾಕೆಟ್: 1.5 ಚದರ ಮಿ.ಮೀ. ತಂತಿ, 6 ಅಥವಾ 10 ಆಂಪಿಯರ್ ಎಂಸಿಬಿ.
- 16 ಆಂಪಿಯರ್ ಸಾಕೆಟ್: 2.5 ಚದರ ಮಿ.ಮೀ., 16 ಆಂಪಿಯರ್ ಎಂಸಿಬಿ.
- ಗೀಸರ್, ಎಸಿ: 4 ಚದರ ಮಿ.ಮೀ., 20 ಆಂಪಿಯರ್ ಎಂಸಿಬಿ, ಒಂದೊಂದಕ್ಕೂ ಪ್ರತ್ಯೇಕ ಲೈನ್.

ಎಂಸಿಬಿ ಇರುವುದು ತಂತಿಯನ್ನು ಕಾಯಲು. ಪದೇ ಪದೇ ಟ್ರಿಪ್ ಆಗುತ್ತದೆಂದು 10ರ ಜಾಗದಲ್ಲಿ 32ರದ್ದು ಹಾಕಿಸಿದರೆ ಟ್ರಿಪ್ ನಿಲ್ಲುತ್ತದೆ, ತಂತಿ ಗೋಡೆಯೊಳಗೇ ಸುಡುತ್ತದೆ. ಹಳೆಯ ಪಿಂಗಾಣಿ ಫ್ಯೂಸಿಗೆ ದಪ್ಪ ತಂತಿ ಸುತ್ತುವುದೂ ಇದೇ ತಪ್ಪು.

ಬಣ್ಣದ ವಿಷಯದಲ್ಲಿ ಎಚ್ಚರವಿರಲಿ. ನಮ್ಮ ಮನೆಗಳ ವೈರಿಂಗಿನಲ್ಲಿ ಕೆಂಪು, ಹಳದಿ, ನೀಲಿ ಮೂರೂ ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ಥ್. ಉಪಕರಣದ ಜತೆ ಬರುವ ವೈರಿನಲ್ಲಾದರೆ ಕಂದು ಫೇಸ್, ನೀಲಿ ನ್ಯೂಟ್ರಲ್, ಹಸಿರು-ಹಳದಿ ಅರ್ಥ್. ಗೋಡೆಯ ನೀಲಿಯನ್ನು ನ್ಯೂಟ್ರಲ್ ಎಂದು ನಂಬಿ ಮುಟ್ಟಿದರೆ ಅದರಲ್ಲಿ 230 ವೋಲ್ಟ್ ಇರಬಹುದು. ಬಣ್ಣ ನಂಬಬೇಡಿ, ಟೆಸ್ಟ್ ಮಾಡಿ.

ಹಂತ 5: ಗೋಡೆ ಕೊರೆಯುವುದು, ಪೈಪ್ ಹೂಳುವುದು

ಪೈಪಿಗೆ ಕೊರೆಯುವ ಜಾಡು ನೆಟ್ಟಗೆ ಇಲ್ಲವೇ ಅಡ್ಡಕ್ಕೆ ಹೋಗಬೇಕು, ಓರೆಯಾಗಿ ಬೇಡ. ಮುಂದೆ ಯಾರೋ ಗಡಿಯಾರಕ್ಕೆ ಮೊಳೆ ಹೊಡೆಯುವಾಗ, ಬೋರ್ಡಿನ ನೇರಕ್ಕೆ ಪೈಪ್ ಇದೆ ಎಂದು ಊಹಿಸುವಂತಿರಬೇಕು. ಕಾಂಕ್ರೀಟ್ ಕಂಬ, ಬೀಮ್ ಮುಟ್ಟಬೇಡಿ. ಮಣ್ಣಿನ ಗೋಡೆ ಅಥವಾ ಹಳೆಯ ಮುರಕಲ್ಲಿನ ಗೋಡೆಯಾದರೆ ಕೊರೆಯುವ ಗೊಡವೆಯೇ ಬೇಡ. ಗೋಡೆಯ ಮೇಲೆ ಪಿವಿಸಿ ಪೈಪ್ ಅಥವಾ ಕೇಸಿಂಗ್-ಕ್ಯಾಪಿಂಗ್ ಸಾಕು. ಗಾರೆ ಮುಚ್ಚುವ ಮೊದಲು ಪ್ರತಿ ಗೋಡೆಯ ಪಕ್ಕ ಅಳತೆ ಟೇಪ್ ಹಿಡಿದು ಫೋಟೊ ತೆಗೆದಿಡಿ. ಪೈಪ್ ಕೂರಿಸಿ, ಗಾರೆ ಒಣಗಿದ ಮೇಲೆ ತಂತಿ ಎಳೆಯಿಸಿ. ಸ್ವಿಚ್ ಪ್ಲೇಟ್ ಕೂರಿಸುವುದು ಬಣ್ಣದ ಕೊನೆ ಕೋಟಿಗೆ ಮುನ್ನ ಅಥವಾ ನಂತರ, ಅನುಕೂಲ ನೋಡಿ.

ಹಂತ 6: ಅರ್ಥಿಂಗ್ ಮತ್ತು ಆರ್‌ಸಿಸಿಬಿ

ಪ್ಲಗ್ಗಿನ ಮೂರನೇ ಪಿನ್ ಉದ್ದವಾಗಿರುವುದಕ್ಕೆ ಕಾರಣವಿದೆ: ಸಿಕ್ಕಿಸುವಾಗ ಮೊದಲು ತಾಗುವುದು ಅದು, ಕೀಳುವಾಗ ಕೊನೆಗೆ ಬಿಡುವುದೂ ಅದೇ. ಆದರೆ ಅದರ ಹಿಂದೆ ಹಸಿರು ತಂತಿಯೇ ಇಲ್ಲದ ಮನೆಗಳುಂಟು. ಇನ್ನು ಕೆಲವೆಡೆ ಸಾಕೆಟ್ಟಿನೊಳಗೆ ನ್ಯೂಟ್ರಲ್‌ನಿಂದ ಅರ್ಥಿಗೆ ತುಂಡು ತಂತಿ ಕೊಟ್ಟಿರುತ್ತಾರೆ. ನ್ಯೂಟ್ರಲ್ ಎಲ್ಲಾದರೂ ಕಡಿದುಹೋದರೆ ಫ್ರಿಜ್ಜಿನ ಮೈಗೇ ಕರೆಂಟ್ ಬರುತ್ತದೆ. ಅಂಥದ್ದು ಕಂಡರೆ ಅಂದೇ ತೆಗೆಸಿ.

ಮಲ್ಟಿಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ, ದೊಡ್ಡ ರೇಂಜಿನಲ್ಲಿಟ್ಟು ಅಳೆದರೆ ಫೇಸ್-ನ್ಯೂಟ್ರಲ್ ಸುಮಾರು 230, ಫೇಸ್-ಅರ್ಥ್ ಸುಮಾರು 230, ನ್ಯೂಟ್ರಲ್-ಅರ್ಥ್ ಕೆಲವೇ ವೋಲ್ಟ್ ಬರಬೇಕು. ಫೇಸ್-ಅರ್ಥ್ ತೀರಾ ಕಡಿಮೆ ತೋರಿಸಿದರೆ ಅರ್ಥ್ ಕೈಕೊಟ್ಟಿದೆ. ಕರೆಂಟಿರುವಾಗ ಮಾಡುವ ಅಳತೆ ಇದು. ಧೈರ್ಯ ಸಾಲದಿದ್ದರೆ ಎಲೆಕ್ಟ್ರೀಷಿಯನ್ ಕೈಯಲ್ಲೇ ಮಾಡಿಸಿ. ಇದ್ದಿಲು, ಉಪ್ಪು ತುಂಬಿದ ಹಳೆಯ ಅರ್ಥ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕುತ್ತಿರಬೇಕು. ನಲ್ಲಿ ಪೈಪಿಗೆ ಅರ್ಥ್ ಕೊಡುವ ಹಳೇ ಚಾಳಿ ಬೇಡವೇ ಬೇಡ.

ಮನುಷ್ಯನ ಜೀವ ಕಾಯುವುದು ಆರ್‌ಸಿಸಿಬಿ. ಹೋದ ಕರೆಂಟಿಗೂ ಮರಳಿದ ಕರೆಂಟಿಗೂ 30 ಮಿಲಿ ಆಂಪಿಯರ್ ವ್ಯತ್ಯಾಸ ಬಂದರೆ ಅದು ಲೈನ್ ಕಡಿಯುತ್ತದೆ. ಮನೆಗೆ 30 ಮಿಲಿ ಆಂಪಿಯರಿನದ್ದನ್ನೇ ಕೇಳಿ. ಓವರ್‌ಲೋಡ್ ತಡೆಯಲು ಎಂಸಿಬಿ ಬೇರೆಯೇ ಬೇಕು. ಒಂದು ಕೈ ಫೇಸ್, ಇನ್ನೊಂದು ಕೈ ನ್ಯೂಟ್ರಲ್ ಮುಟ್ಟಿದವರನ್ನು ಆರ್‌ಸಿಸಿಬಿಯೂ ಕಾಯಲಾರದು.

ಹಂತ 7: ಒಂದು ಸಾಕೆಟ್ ನೀವೇ ಬದಲಿಸಿ

1. ಮೊದಲು ಟೆಸ್ಟರನ್ನು ಕರೆಂಟಿರುವ ಸಾಕೆಟ್ಟಿನಲ್ಲಿಟ್ಟು ಉರಿಯುತ್ತದೆಯೇ ನೋಡಿ. ನಂತರ ಆ ಲೈನಿನ ಎಂಸಿಬಿ ಆಫ್ ಮಾಡಿ, ಆಮೇಲೆ ಮೈನ್ ಆಫ್ ಮಾಡಿ. ಯುಪಿಎಸ್ ಇದ್ದರೆ ಅದನ್ನೂ ಆಫ್ ಮಾಡಬೇಕು. ಮೈನ್ ಆರಿದ ತಕ್ಷಣ ಅದು ತಾನಾಗಿ ಕರೆಂಟ್ ಕೊಡಲು ಶುರುಮಾಡುತ್ತದೆ. ಎಂಸಿಬಿಗೆ ಟೇಪ್ ಅಂಟಿಸಿ ‘ಹಾಕಬೇಡಿ’ ಎಂದು ಬರೆಯಿರಿ, ಮನೆಯವರಿಗೂ ಹೇಳಿ.

2. ಆಫ್ ಆದ ಮೇಲೆ ಬದಲಿಸುವ ಸಾಕೆಟ್ಟಿನ ಎಲ್ಲ ತೂತುಗಳಲ್ಲೂ ಟೆಸ್ಟರ್ ಇಟ್ಟು ನೋಡಿ. ದಪ್ಪ ರಬ್ಬರ್ ಚಪ್ಪಲಿ ಹಾಕಿದಾಗ ಟೆಸ್ಟರ್ ಮಂಕಾಗಬಹುದು. ಆದ್ದರಿಂದ ಮಲ್ಟಿಮೀಟರಿನಲ್ಲೂ ಖಚಿತಪಡಿಸಿಕೊಳ್ಳಿ.

3. ಪ್ಲೇಟ್ ಬಿಚ್ಚಿ ಹೊರಗೆಳೆಯಿರಿ. ತಂತಿಗೆ ಕೈ ಹಾಕುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ತೆರೆದ ತಂತಿಗಳಿಗೆ ಮತ್ತೊಮ್ಮೆ ಟೆಸ್ಟರ್ ತಾಗಿಸಿ.

4. ತಂತಿ ಬಿಡಿಸಿ ತುದಿ ನೋಡಿ. ತಾಮ್ರ ಕಪ್ಪಾಗಿದ್ದರೆ, ಮೇಲಿನ ಪಿವಿಸಿ ಮುಟ್ಟಿದರೆ ಪುಡಿಯಾದರೆ, ಆ ಭಾಗ ಕತ್ತರಿಸಿ ಸುಮಾರು 8ರಿಂದ 10 ಮಿ.ಮೀ. ಹೊಸದಾಗಿ ಸುಲಿಯಿರಿ. ಎಳೆಗಳು ತುಂಡಾಗದಂತೆ ಸುಲಿದು ಬಿಗಿಯಾಗಿ ಹೊಸೆಯಿರಿ. ತೂತು ದೊಡ್ಡದಿದ್ದರೆ ಮಡಚಿ ತುರುಕಿ.

5. ಹೊಸ ಸಾಕೆಟ್ ಎದುರಿಗಿಟ್ಟು ನೋಡಿದಾಗ ಮೇಲಿನ ದೊಡ್ಡ ತೂತು ಅರ್ಥ್, ಬಲಗಡೆಯದು ಫೇಸ್, ಎಡಗಡೆಯದು ನ್ಯೂಟ್ರಲ್. ಹಿಂಬದಿಯಲ್ಲಿ ಎಡಬಲ ತಿರುಗುಮುರುಗಾಗುತ್ತದೆ, ಆದ್ದರಿಂದ ಅಚ್ಚಾದ ಗುರುತು ಓದಿಯೇ ಜೋಡಿಸಿ. ಸ್ವಿಚ್ ಯಾವಾಗಲೂ ಫೇಸ್ ತಂತಿಯ ಮೇಲೇ ಬರಬೇಕು.

6. ಸ್ಕ್ರೂ ಬಿಗಿದು ಪ್ರತಿ ತಂತಿಯನ್ನೂ ಒಮ್ಮೆ ಎಳೆಯಿರಿ. ಅಲುಗಿದರೆ ಮತ್ತೆ ಬಿಗಿಯಿರಿ. ಟರ್ಮಿನಲ್ ಹೊರಗೆ ತಾಮ್ರ ಕಾಣಬಾರದು. ಪ್ಲೇಟ್ ಕೂರಿಸುವಾಗ ತಂತಿ ಸ್ಕ್ರೂ ಕೆಳಗೆ ಸಿಕ್ಕಬಾರದು.

7. ಕರೆಂಟ್ ಹಾಕಿ. ಸ್ವಿಚ್ ಆನ್ ಇದ್ದಾಗ ಬಲಗಡೆ ಮಾತ್ರ ಟೆಸ್ಟರ್ ಉರಿಯಬೇಕು, ಆಫ್ ಮಾಡಿದರೆ ಆರಬೇಕು. ಎಡಗಡೆ ಉರಿದರೆ ಅಥವಾ ಆಫ್ ಮಾಡಿದರೂ ಬಲಗಡೆ ಉರಿಯುತ್ತಲೇ ಇದ್ದರೆ ಜೋಡಣೆ ತಪ್ಪಿದೆ. ಮೈನ್ ಆಫ್ ಮಾಡಿ ಮೊದಲಿನಿಂದ ನೋಡಿ.

ಬಾಕ್ಸಿನೊಳಗೆ ಅರ್ಥ್ ತಂತಿ ಕಾಣದಿದ್ದರೆ, ತಂತಿ ಸುಟ್ಟಿದ್ದರೆ, ಗೋಡೆ ಒದ್ದೆಯಿದ್ದರೆ ಅಲ್ಲಿಗೇ ನಿಲ್ಲಿಸಿ. 6 ಆಂಪಿಯರಿನ ಜಾಗದಲ್ಲಿ 16ರ ಸಾಕೆಟ್ ಹಾಕುವುದು ನಿಮ್ಮ ಕೆಲಸವಲ್ಲ. ಹಿಂದಿನ ತಂತಿ ಅದಕ್ಕೆ ಸಾಲದು.

ಹಂತ 8: ಎಲೆಕ್ಟ್ರೀಷಿಯನ್ ಹೊರಡುವ ಮುನ್ನ

- ಮೆಗ್ಗರ್ ಎಂಬ ಮೀಟರ್ ಹಾಕಿ ತಂತಿಯ ಇನ್ಸುಲೇಷನ್ ಅಳೆದು ತೋರಿಸಲು ಹೇಳಿ. ಕನಿಷ್ಠ 1 ಮೆಗಾಓಮ್ ಬರಬೇಕು.
- ಅರ್ಥ್ ಟೆಸ್ಟರಿನಲ್ಲಿ ಅಳೆದು, ಬಂದ ಅಂಕಿ ಬರೆದುಕೊಡಲಿ.
- ಆರ್‌ಸಿಸಿಬಿಯ ಟೆಸ್ಟ್ ಬಟನ್ ನೀವೇ ಒತ್ತಿ ನೋಡಿ. ತಟ್ಟನೆ ಬೀಳಬೇಕು.
- ಯಾವ ಎಂಸಿಬಿ ಯಾವ ಕೋಣೆಗೆ ಎಂಬ ಚೀಟಿ ಡಿಬಿ ಬಾಗಿಲಿಗೆ ಅಂಟಿಸಲು ಹೇಳಿ.
- ಸಾಮಾನಿನ ಬಿಲ್, ಗೋಡೆಯ ಫೋಟೊ, ಗುತ್ತಿಗೆದಾರರ ಲೈಸೆನ್ಸ್ ನಂಬರ್ ಒಂದೇ ಕವರಿನಲ್ಲಿಡಿ.

ಯಾರಿಗಾದರೂ ಕರೆಂಟ್ ಹೊಡೆದರೆ

ಅವರನ್ನು ಮುಟ್ಟಬೇಡಿ. ಮೊದಲು ಮೈನ್ ಆಫ್ ಮಾಡಿ. ಆಗದಿದ್ದರೆ ಒಣ ಮರದ ಕೋಲಿನಿಂದ ತಂತಿ ದೂರ ಸರಿಸಿ. 108ಕ್ಕೆ ಕರೆ ಮಾಡಿ. ಎದ್ದು ಕೂತು ‘ಏನಾಗಿಲ್ಲ’ ಎಂದರೂ ಆಸ್ಪತ್ರೆಗೆ ಕರೆದೊಯ್ಯಿರಿ. ಬೀದಿಯ ತಂತಿ ಕಡಿದು ಬಿದ್ದಿದ್ದರೆ ಹತ್ತಿರ ಹೋಗದೆ 1912ಕ್ಕೆ ತಿಳಿಸಿ.

ಎಲ್ಲವನ್ನೂ ಒಂದೇ ಸಲ ಮಾಡಿಸಲು ಹಣ ಸಾಲದಿದ್ದರೆ ಕ್ರಮ ಹೀಗಿರಲಿ: ಮೊದಲು ಅರ್ಥಿಂಗ್ ಮತ್ತು ಆರ್‌ಸಿಸಿಬಿ, ಆಮೇಲೆ ಗೀಸರ್ ಮತ್ತು ಅಡುಗೆಮನೆಯ ಲೈನ್, ಆಮೇಲೆ ಉಳಿದ ಕೋಣೆಗಳು. ಮಾಡ್ಯುಲರ್ ಸ್ವಿಚ್, ಫಾಲ್ಸ್ ಸೀಲಿಂಗ್ ಲೈಟು ಮುಂದಿನ ವರ್ಷಕ್ಕಾದರೂ ನಡೆಯುತ್ತದೆ. ಆರ್‌ಸಿಸಿಬಿ ಈಗಾಗಲೇ ಇದ್ದರೆ ತಿಂಗಳಿಗೊಮ್ಮೆ ಆ ಟೆಸ್ಟ್ ಬಟನ್ ಒತ್ತಿ. ಬೀಳದಿದ್ದರೆ ಅಂದೇ ಎಲೆಕ್ಟ್ರೀಷಿಯನ್ ಕೈಯಲ್ಲಿ ಬದಲಾಯಿಸಿಕೊಳ್ಳಿ.