ಹೊಟ್ಟೆನೋವಿನ ನೆಪ ಎಷ್ಟು ದಿನ?

ಪ್ರಶ್ನೆ: ಗದಗ ಜಿಲ್ಲೆಯ ಹುಡುಗಿ ನಾನು. ಕೈರೋದಲ್ಲಿ ಎರಡನೇ ವರ್ಷದ ವೈದ್ಯಕೀಯ ಓದುತ್ತಿದ್ದೇನೆ. ರಂಜಾನ್ ಶುರುವಾದಾಗಿನಿಂದ ಸಹಪಾಠಿಯೊಬ್ಬಳು ಇಫ್ತಾರ್‌ಗೆ ಮನೆಗೆ ಕರೆಯುತ್ತಲೇ ಇದ್ದಾಳೆ. ನಮ್ಮದು ಲಿಂಗಾಯತರ ಮನೆ, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಹೋದರೆ ತಟ್ಟೆಗೆ ಏನು ಬೀಳುತ್ತದೋ, ಬೇಡವೆಂದರೆ ಅವರಿಗೆ ಬೇಸರವಾಗುತ್ತದೋ ಎಂಬ ಅಳುಕು. ಹೊಟ್ಟೆನೋವೆಂದು ಎರಡು ಸಲ ತಪ್ಪಿಸಿಕೊಂಡೆ. ಎರಡನೇ ಸಲ ಅವಳ ತಾಯಿ ಡಬ್ಬಿಯಲ್ಲಿ ಕೋಳಿ ಸೂಪು ಕಳಿಸಿಬಿಟ್ಟರು! ಅಪ್ಪನಿಗೆ ಹೇಳಿದರೆ, ‘ಓದಾಕ ಹೋದಾಕಿ ಓದು, ಅವರ ಹಬ್ಬ ನಿನಗ್ಯಾಕ?’ ಎನ್ನುತ್ತಾರೆ. ಉಪವಾಸ ಮಾಡದವಳು ಇಫ್ತಾರ್‌ಗೆ ಕೂರಬಹುದೆ? ಏನು ಮಾಡಲಿ?
– ಹೆಸರು ಬೇಡ, ಕೈರೋ

ಉತ್ತರ: ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಆ ಸೂಪಿನ ಡಬ್ಬಿಯಲ್ಲೇ ಇದೆ. ಈಜಿಪ್ಟಿನಲ್ಲಿ ‘ಅಝೂಮಾ ಮರಾಕ್ಬಿಯ್ಯಾ’ ಎಂಬ ಮಾತಿದೆ. ದೋಣಿಯವನ ಕರೆ ಎಂದು ಅರ್ಥ. ನದಿಯ ನಡುವೆ ಊಟಕ್ಕೆ ಕುಳಿತ ಅಂಬಿಗ ದಡದಲ್ಲಿರುವವನಿಗೆ ‘ಬಾರಪ್ಪಾ ಊಟಕ್ಕೆ’ ಎನ್ನುತ್ತಾನೆ. ಅವನು ಬರಲಾರ ಎಂದು ಇಬ್ಬರಿಗೂ ಗೊತ್ತು. ನಾವು ಬಾಯುಪಚಾರ ಎನ್ನುತ್ತೇವಲ್ಲ, ಅದೇ. ಆದರೆ ಕಾಯಿಲೆ ಎಂದವಳಿಗೆ ಸೂಪು ಕಾಯಿಸಿ ಕಳಿಸಿದವರ ಕರೆ ದೋಣಿಯವನದಲ್ಲ. ಹೋಗಿ.

ಉಪವಾಸವಿಲ್ಲದವರು ಇಫ್ತಾರ್‌ಗೆ ಕೂರಬಾರದೆಂಬ ನಿಯಮವಿಲ್ಲ. ಈ ತಿಂಗಳು ಕೈರೋದ ಬೀದಿಗಳಲ್ಲಿ ಉದ್ದುದ್ದ ಮೇಜು ಹಾಕಿ ದಾನಿಗಳು ಊಟ ಬಡಿಸುವುದನ್ನು ನೀವೂ ನೋಡಿರುತ್ತೀರಿ. ‘ಮಾಯಿದತ್ ಅರ್ರಹ್ಮಾನ್’ ಎನ್ನುತ್ತಾರೆ ಅದಕ್ಕೆ. ಅಲ್ಲಿ ಯಾರೂ ಬಂದವರ ಧರ್ಮ ಕೇಳುವುದಿಲ್ಲ. ಜೊತೆಗಿರಲೆಂದು ನೀವೂ ಉಪವಾಸ ಹಿಡಿಯಬೇಕಾಗಿಲ್ಲ. ಕುತೂಹಲಕ್ಕೆ ಒಂದು ದಿನ ಮಾಡಿದರೆ ತಪ್ಪೂ ಇಲ್ಲ, ಆದರೆ ಇದರಲ್ಲಿ ಹಗಲೆಲ್ಲ ನೀರು ಕೂಡ ಇಲ್ಲ ಎಂಬುದು ನೆನಪಿರಲಿ. ಮಾಡದೆ ಮಾಡಿದೆನೆಂದು ಮಾತ್ರ ಹೇಳಬೇಡಿ. ಹೊಟ್ಟೆನೋವಿನ ಸುಳ್ಳೇ ಸಾಕು.

ಇನ್ನು ತಟ್ಟೆಯ ಚಿಂತೆ. ‘ಲಹ್ಮಾ ತಿನ್ನುವುದಿಲ್ಲ’ ಎಂದಷ್ಟೇ ಹೇಳಿದರೆ ಕೋಳಿ ಬರುತ್ತದೆ. ಅಲ್ಲಿನವರ ಮಾತಿನಲ್ಲಿ ಲಹ್ಮಾ ಎಂದರೆ ಸಾಮಾನ್ಯವಾಗಿ ದನ, ಕುರಿಯ ಮಾಂಸ. ಕೋಳಿಗೆ ‘ಫಿರಾಖ್’ ಎಂಬ ಬೇರೆ ಮಾತಿದೆ. ಎರಡನ್ನೂ ಹೇಳಿ, ಮಾಂಸ ಬೇಯಿಸಿದ ನೀರೂ ಆಗದು ಎಂದು ಸೇರಿಸಿ. ಮುಲೂಖಿಯಾ ನೋಡಲು ಬರೀ ಸೊಪ್ಪಿನ ಸಾರು. ಬೇಯುವುದು ಹೆಚ್ಚಾಗಿ ಕೋಳಿಯ ರಸದಲ್ಲಿ. ಎಲೆ, ಬದನೆಯಲ್ಲಿ ಅಕ್ಕಿ ತುಂಬಿದ ಮಹ್ಶಿಯ ಕಥೆಯೂ ಎಷ್ಟೋ ಮನೆಗಳಲ್ಲಿ ಇದೇ. ಸುಲಭದ ಮಾತೊಂದಿದೆ: ‘ಸಿಯಾಮಿ’. ಅಲ್ಲಿನ ಕಾಪ್ಟಿಕ್ ಕ್ರೈಸ್ತರು ವರ್ಷದಲ್ಲಿ 200ಕ್ಕೂ ಹೆಚ್ಚು ದಿನ ಮಾಂಸ, ಹಾಲು, ಮೊಟ್ಟೆ ಬಿಟ್ಟು ವ್ರತ ಮಾಡುತ್ತಾರೆ. ಆ ಅಡುಗೆಯ ಹೆಸರು ಇದು. ನನ್ನ ಊಟ ವರ್ಷವಿಡೀ ಸಿಯಾಮಿ, ಹಾಲು ಮೊಸರು ನಡೆಯುತ್ತದೆ ಎನ್ನಿ. ಕೆಲವು ವ್ರತಗಳಲ್ಲಿ ಮೀನು ಸಲ್ಲುವುದರಿಂದ ಮೀನೂ ಬೇಡವೆಂದು ಬಾಯಿಬಿಟ್ಟು ಹೇಳಿ. ಇದನ್ನೆಲ್ಲ ಎರಡು ದಿನ ಮೊದಲೇ ತಿಳಿಸಬೇಕು. ಬಡಿಸಿದ ಮೇಲೆ ಮುಖ ಸಿಂಡರಿಸಿದರೆ ನೋಯುವುದು ಅಡುಗೆ ಮಾಡಿದ ಜೀವ. ಫೂಲ್, ತಅಮಿಯ್ಯಾ, ಕುಶರಿ, ಖತಾಯಿಫ್ ಇರುವ ನಾಡಿನಲ್ಲಿ ನೀವು ಹಸಿದು ಏಳುವುದಿಲ್ಲ.

ಹೊತ್ತಿಗೆ ಮೊದಲೇ ಹೊರಡಿ. ಮಗ್ರಿಬ್‌ಗೆ ಮುಂಚಿನ ಕೈರೋ ಸಂಚಾರ ನಿಮಗೆ ಗೊತ್ತು. ಬಾಂಗು ಕೂಗಿದ ಕ್ಷಣ ಟ್ಯಾಕ್ಸಿಯವನೂ ಉಪವಾಸ ಬಿಡಲು ಗಾಡಿ ನಿಲ್ಲಿಸುತ್ತಾನೆ. ಅಲ್ಲಿಯವರೆಗೆ ನೀವೂ ಏನನ್ನೂ ಬಾಯಿಗೆ ಹಾಕಬೇಡಿ. ಖರ್ಜೂರ ತಿಂದು ಅವರು ನಮಾಜಿಗೆ ಎದ್ದರೆ ಸುಮ್ಮನೆ ಕೂತಿರಿ, ಸಾಕು. ಮನೆಯೊಳಗೆ ತಲೆಗೆ ವಸ್ತ್ರ ಬೇಕಿಲ್ಲ. ತುಂಬು ತೋಳಿನ ಸಡಿಲ ಉಡುಪು ಇರಲಿ. ಹೆಣ್ಣುಮಕ್ಕಳು ಹಿಜಾಬ್ ತೆಗೆದು ಆರಾಮಾಗಿ ಕೂತಿರುತ್ತಾರೆ, ಕೇಳದೆ ಫೋಟೊ ತೆಗೆಯಬೇಡಿ, ತೆಗೆದರೂ ಜಾಲತಾಣಕ್ಕೆ ಹಾಕಬೇಡಿ. ಬರಿಗೈಯಲ್ಲಿ ಹೋಗಬೇಡಿ; ಊರಿಂದ ತಂದ ಕರದಂಟು ಉಳಿದಿದ್ದರೆ ಅದಕ್ಕಿಂತ ಒಳ್ಳೆಯ ಉಡುಗೊರೆ ಇಲ್ಲ. ಊಟ ಮುಗಿದಾಗ ಆ ತಾಯಿಗೆ ‘ತಿಸ್ಲಮ್ ಈದೇಕಿ’ ಎನ್ನಿ. ನಿಮ್ಮ ಕೈಗೆ ಕೇಡು ಬಾರದಿರಲಿ ಎಂಬ ಹಾರೈಕೆ ಅದು. ನಮ್ಮಲ್ಲಿ ಉಂಡವರು ‘ನಿಮ್ಮ ಹೊಟ್ಟೆ ತಣ್ಣಗಿರಲಿ’ ಎನ್ನುವುದಿಲ್ಲವೆ?

ಅಪ್ಪನ ಮೇಲೆ ಸಿಟ್ಟಾಗಬೇಡಿ. ಮಗಳು ದೂರವಿದ್ದಾಗ ಅಪ್ಪಂದಿರ ಭಯ ಹೀಗೆಯೇ ಗದರಿಕೆಯಾಗಿ ಹೊರಬರುತ್ತದೆ. ನಿಮ್ಮ ಸೀಮೆಯಲ್ಲಿ ಅಲಾಯಿ ದೇವರು ಕೂರುವುದನ್ನು, ದರ್ಗಾದಲ್ಲಿ ಸಕ್ಕರೆ ಓದಿಸುವುದನ್ನು ಅವರಿಗೆ ನೆನಪಿಸಿ. ಆ ಸಾಲಿನಲ್ಲಿ ವಿಭೂತಿ ಹಚ್ಚಿದ ಹಣೆಗಳೂ ಇರುತ್ತವೆ. ಅದರಿಂದ ಯಾರ ಲಿಂಗಪೂಜೆಯೂ ನಿಂತಿಲ್ಲ. ಗೆಳತಿಯ ವಿಳಾಸ, ಫೋನ್ ನಂಬರು ಅಪ್ಪನಿಗೆ ಕೊಡಿ, ಹಾಸ್ಟೆಲಿಗೆ ಮರಳಿದ ಕೂಡಲೇ ಕರೆ ಮಾಡಿ. ಧರ್ಮದ ಚರ್ಚೆ ಬಂದು ನಿಮಗೆ ಇರಿಸುಮುರಿಸಾದರೆ, ನಗುತ್ತ ‘ಶುಕ್ರನ್’ ಎಂದು ಮಾತು ಬದಲಿಸಿ. ಪರೀಕ್ಷೆಯ ದಿನಗಳಲ್ಲಿ ಕರೆದರೆ ಬರಲಾಗದು ಎಂದು ಹೇಳುವ ಹಕ್ಕೂ ನಿಮಗಿದೆ.

ಉಂಡ ಋಣ ತೀರಿಸಲು ದಾರಿಯೂ ಇದೆ. ಕಾಪ್ಟಿಕ್ ಈಸ್ಟರ್‌ನ ಮರುದಿನ, ಸೋಮವಾರ, ಶಮ್ ಎನ್ನಸೀಮ್ ಬರುತ್ತದೆ. ‘ತಂಗಾಳಿ ಮೂಸುವ’ ಹಬ್ಬ. ಮುಸ್ಲಿಮರು, ಕ್ರೈಸ್ತರು ಎನ್ನದೆ ಎಲ್ಲರೂ ಬುತ್ತಿ ಕಟ್ಟಿಕೊಂಡು ನೈಲ್ ದಂಡೆಗೆ, ಉದ್ಯಾನಕ್ಕೆ ಹೊರಡುತ್ತಾರೆ, ಎಳ್ಳಮಾಸಿಗೆ ನಾವು ಚರಗ ಚೆಲ್ಲಲು ಹೊಲಕ್ಕೆ ಹೋಗುವಂತೆ. ಅವರು ಬಣ್ಣದ ಮೊಟ್ಟೆ, ಉಪ್ಪಲ್ಲಿ ಹುದುಗಿಸಿದ ಫಸೀಖ್ ಮೀನು ತರಲಿ. ನೀವು ರೊಟ್ಟಿ, ಶೇಂಗಾ ಚಟ್ನಿ ಒಯ್ಯಿರಿ. ಅವರು ಹಚ್ಚುವ ಹಸಿ ಈರುಳ್ಳಿ ಎರಡಕ್ಕೂ ಹೊಂದುತ್ತದೆ.

ಅದಕ್ಕೂ ಮೊದಲು ಇವತ್ತೇ ಒಂದು ಕೆಲಸ ಮಾಡಿ. ಸೂಪಿನ ಡಬ್ಬಿ ತೊಳೆದು ಗೆಳತಿಗೆ ಹಿಂತಿರುಗಿಸುವಾಗ, ಹೊಟ್ಟೆನೋವು ಇರಲಿಲ್ಲ ಎಂದು ನಿಜ ಹೇಳಿಬಿಡಿ. ಡಬ್ಬಿ ಖಾಲಿ ಕೊಡಬೇಡಿ.